ಸಣ್ಣ ಟ್ರಸ್ಟಿಗೆ ಆಪತ್ಕಾಲದ ನಿಧಿ: ಎಷ್ಟು, ಎಲ್ಲಿ, ಹೇಗೆ?

ಪಾಸ್‌ಬುಕ್ಕಿನಲ್ಲಿ ಮೂರು ಲಕ್ಷ ಕಂಡ ಮಾತ್ರಕ್ಕೆ ಅಷ್ಟೂ ಟ್ರಸ್ಟಿನ ಕೈಗೆ ಸಿಗುವ ಹಣವಲ್ಲ. ವಿದ್ಯಾರ್ಥಿವೇತನಕ್ಕೆಂದೇ ಬಂದದ್ದನ್ನು ಮೊದಲು ಕಳೆಯಿರಿ. ‘ಮೂಲನಿಧಿಗೆ’ ಎಂದು ದಾನಿ ಬರೆದುಕೊಟ್ಟಿದ್ದರೆ ಅದನ್ನೂ ಕಳೆಯಿರಿ. ಅದರ ಬಡ್ಡಿಯಷ್ಟೇ ಖರ್ಚಿಗೆ. ಬಾಕಿ ಬಿಲ್ಲುಗಳನ್ನೂ ತೆಗೆದ ಮೇಲೆ ಉಳಿದದ್ದೇ ಲೆಕ್ಕಕ್ಕೆ. ಬಹಳಷ್ಟು ಟ್ರಸ್ಟುಗಳು ಎಡವುವುದು ಇಲ್ಲೇ.

ನಂತರ ನಿಲ್ಲಿಸಲಾಗದ ತಿಂಗಳ ಖರ್ಚು ಬರೆಯಿರಿ. ಗಂಗಾವತಿಯಲ್ಲಿ ಸಂಜೆ ಪಾಠ ನಡೆಸುವ ಟ್ರಸ್ಟ್ ಎಂದಿಟ್ಟುಕೊಳ್ಳಿ: ಬಾಡಿಗೆ 6,000, ಇಬ್ಬರು ಶಿಕ್ಷಕರ ಗೌರವಧನ 16,000, ಕರೆಂಟು 1,500, ಚಿಲ್ಲರೆ ಖರ್ಚು 2,500. ಒಟ್ಟು 26,000 ರೂ. ಮೂರು ತಿಂಗಳ ಖರ್ಚು ಕೈಯಲ್ಲಿದ್ದರೆ ಸಾಕು ಎನ್ನುವವರಿದ್ದಾರೆ. ತುಂಗಭದ್ರಾ ಎಡದಂಡೆ ನಾಲೆಯ ಊರುಗಳಿಗೆ ಅದು ಸಾಲದು. ಇಲ್ಲಿ ದೇಣಿಗೆ ಕೇಳಬಹುದಾದ ಕಾಲವೆಂದರೆ ಭತ್ತದ ದುಡ್ಡು ಕೈಸೇರಿದ ಮೇಲೆ. ನೀರು ಸಾಲದೆ ಎರಡನೇ ಬೆಳೆ ತಪ್ಪಿತೋ, ರಸೀದಿ ಪುಸ್ತಕ ಮುಂದಿನ ಸುಗ್ಗಿಯವರೆಗೆ ಬಿಚ್ಚುವಂತಿಲ್ಲ. ಬಾಡಿಗೆ ಮಾತ್ರ ತಿಂಗಳಿಗೆ ತಪ್ಪದು. ಹಾಗಾಗಿ ಆರು ತಿಂಗಳ ಖರ್ಚು, ಅಂದರೆ 1,56,000 ರೂ. ಗುರಿಯಿರಲಿ.

ಅದನ್ನು ಒಂದೇ ವರ್ಷದಲ್ಲಿ ಕೂಡಿಹಾಕಲು ಹೋಗಬೇಡಿ. ಆದಾಯ ತೆರಿಗೆ ವಿನಾಯಿತಿ ಪಡೆದ ಟ್ರಸ್ಟ್ ವರ್ಷದ ಆದಾಯದಲ್ಲಿ ಶೇ 85ರಷ್ಟನ್ನು ತನ್ನ ಉದ್ದೇಶಕ್ಕೆ ಬಳಸಬೇಕು; ಶೇ 15ರಷ್ಟನ್ನು ಮಾತ್ರ ಷರತ್ತಿಲ್ಲದೆ ಉಳಿಸಬಹುದು. ಆದಾಯ 3,60,000 ಇದ್ದರೆ ಆ ಮಿತಿ 54,000. ವರ್ಷದ ಖರ್ಚು 3,12,000 ಹೋಗಿ ಮಿಗುವುದು 48,000. ಈ ಲೆಕ್ಕದಲ್ಲಿ ನಾಲ್ಕನೇ ವರ್ಷ ಗುರಿ ಮುಟ್ಟುತ್ತದೆ. ಮಿತಿ ಮೀರಿ ಉಳಿಸುವುದಾದರೆ ನಿರ್ದಿಷ್ಟ ಉದ್ದೇಶ ಹೇಳಿ ನಮೂನೆ ಸಲ್ಲಿಸಬೇಕು, ಐದು ವರ್ಷದೊಳಗೆ ಖರ್ಚು ಮಾಡಬೇಕು. ಈ ಕೆಲಸ ಲೆಕ್ಕಪರಿಶೋಧಕರಿಗೇ ಬಿಡಿ.

ಹಣ ದಿನನಿತ್ಯದ ಖಾತೆಯಲ್ಲಿ ಬೆರೆಯದಿರಲಿ. ಬ್ಯಾಂಕಿನಲ್ಲಿ 52,000ದ ಮೂರು ಠೇವಣಿ ಮಾಡಿ, ಮೂರು ಮೂರು ತಿಂಗಳ ಅಂತರದಲ್ಲಿ ಮಾಗುವಂತೆ ನೋಡಿಕೊಳ್ಳಿ. ಒಂದೇ ಠೇವಣಿಯಾದರೆ 20,000ಕ್ಕಾಗಿ ಪೂರ್ತಿ ಮೊತ್ತ ಮುರಿಸಿ ಬಡ್ಡಿ ಕಳೆದುಕೊಳ್ಳಬೇಕಾದೀತು. ಪದಾಧಿಕಾರಿಗಳ ಪರಿಚಯದ ಪತ್ತಿನ ಸಹಕಾರ ಸಂಘ ಹೆಚ್ಚು ಬಡ್ಡಿ ಕೊಡುತ್ತದೆಂದು ಅಲ್ಲಿಡಬೇಡಿ. 5 ಲಕ್ಷದವರೆಗಿನ ಠೇವಣಿ ವಿಮೆ ಬ್ಯಾಂಕುಗಳಿಗಿದೆ, ಪತ್ತಿನ ಸಂಘಗಳಿಗಿಲ್ಲ.

ನಿಧಿ ಮುಟ್ಟುವ ಮುನ್ನ ಸಭೆಯಲ್ಲಿ ಠರಾವಾಗಬೇಕು, ಇಬ್ಬರ ಸಹಿ ಬೇಕು. ತೆಗೆದದ್ದನ್ನು ಯಾವ ತಿಂಗಳಿಂದ ಎಷ್ಟೆಷ್ಟು ಮರಳಿ ತುಂಬುವುದೆಂದು ಠರಾವಿನಲ್ಲೇ ಬರೆಯಿರಿ. ವಾರ್ಷಿಕೋತ್ಸವದ ಶಾಮಿಯಾನಕ್ಕೆ ಇದರಿಂದ ಕೊಡುವಂತಿಲ್ಲ ಎಂದೂ ಸೇರಿಸಿ.