ಯಾವ ಊರಿನ ಪೇಪರ್? ಕೋರ್ಟ್ ನೋಟೀಸ್ ಹಾಕಿಸುವಾಗ ನಾನು ಕಲಿತದ್ದು

ತೀರ್ಥಹಳ್ಳಿಯಲ್ಲಿ ವಕೀಲಿ ಶುರು ಮಾಡಿದ ಹೊಸದರಲ್ಲಿ ನನ್ನ ಕೈಗೆ ಬಂದದ್ದು ಆಗುಂಬೆ ದಾರಿಯ ಒಂದು ಮನೆಯವರ ಪಾಲಿನ ದಾವೆ. ಎರಡು ಎಕರೆ ಚಿಲ್ಲರೆ ಅಡಿಕೆ ತೋಟ, ಒಂದು ಹಳೇ ಮನೆ, ಮೂವರು ಅಣ್ಣತಮ್ಮಂದಿರು. ನಡುವಿನವರು ಜಗಳ ಮಾಡಿಕೊಂಡು ಊರು ಬಿಟ್ಟಿದ್ದರು. ಅವರ ಸಮನ್ಸ್ 'ಈ ವಿಳಾಸದಲ್ಲಿ ಇಲ್ಲ' ಅಂತ ಷರಾ ಹೊತ್ತು ವಾಪಸ್ ಬಂತು. ನಾನು ಅರ್ಜಿ ಹಾಕಿ, ಶಿವಮೊಗ್ಗದ ಒಂದು ದಿನಪತ್ರಿಕೆಯಲ್ಲಿ ನೋಟೀಸ್ ಹಾಕಿಸಿದೆ. ಅವರು ಬರಲಿಲ್ಲ. ಅವರ ವಾದ ಕೇಳದೆಯೇ ತೀರ್ಪು, ಅಂದರೆ ಏಕಪಕ್ಷೀಯ ಡಿಕ್ರಿ, ಆಯಿತು.

ಮೂರು ವರ್ಷದ ಮೇಲೆ ಅವರು ಬಂದರು. ಹುಬ್ಬಳ್ಳಿಯ ರೇಷನ್ ಕಾರ್ಡ್, ಅಂಗಡಿ ಲೈಸೆನ್ಸ್ ಎರಡನ್ನೂ ಕೋರ್ಟಿನ ಮುಂದಿಟ್ಟರು. 'ನಾನಿರೋ ಊರಿಗೆ ಆ ಪೇಪರೇ ಬರಲ್ಲ ಸ್ವಾಮಿ' ಅಂದರು. ಡಿಕ್ರಿ ರದ್ದಾಯಿತು, ದಾವೆ ಮತ್ತೆ ಮೊದಲಿನಿಂದ ಶುರು. ಆಮೇಲೆ ನನ್ನ ಕಕ್ಷಿದಾರರು ಹೇಳಿದರು: 'ಅವನು ಹುಬ್ಬಳ್ಳಿಯಲ್ಲಿದ್ದಾನೆ ಅಂತ ಗೊತ್ತಿತ್ತು. ನೀವು ಕೇಳಲಿಲ್ಲವಲ್ಲ.' ನಿಜ, ನಾನು ಕೇಳಿರಲಿಲ್ಲ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಕಾನೂನಿನಲ್ಲಿ ಇದು ಸ್ಪಷ್ಟವಾಗಿಯೇ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 5, ನಿಯಮ 20ಕ್ಕೆ 1976ರ ತಿದ್ದುಪಡಿಯಲ್ಲಿ (1ಎ) ಅಂತ ಒಂದು ಉಪನಿಯಮ ಸೇರಿಸಿದರು. ಪ್ರತಿವಾದಿ ಕೊನೆಯದಾಗಿ ಎಲ್ಲಿ ವಾಸವಿದ್ದ, ಎಲ್ಲಿ ವ್ಯಾಪಾರ ಮಾಡುತ್ತಿದ್ದ, ಎಲ್ಲಿ ದುಡಿಯುತ್ತಿದ್ದ ಅಂತ ಗೊತ್ತಿದೆಯೋ, ಆ ಜಾಗದಲ್ಲಿ ಓಡಾಡುವ ದಿನಪತ್ರಿಕೆಯಲ್ಲೇ ನೋಟೀಸ್ ಬರಬೇಕು. ಆಸ್ತಿ ಇರುವ ಊರಿನ ಪೇಪರ್ ಅಲ್ಲ, ಆ ಮನುಷ್ಯ ಇರುವ ಊರಿನ ಪೇಪರ್. ವಾರಪತ್ರಿಕೆ ನಡೆಯುವುದಿಲ್ಲ. ದೊಡ್ಡ ಪತ್ರಿಕೆಯಾದರೆ ಯಾವ ಆವೃತ್ತಿ ಅಂತಲೂ ನೋಡಬೇಕು. ಶಿವಮೊಗ್ಗ ಆವೃತ್ತಿಯ ಒಳಪುಟ ಹುಬ್ಬಳ್ಳಿಯವರ ಕೈಗೆ ಹೋಗುವುದಿಲ್ಲ ಅಲ್ವಾ?

ಪೇಪರಿಗೆ ಹೋಗುವ ಮೊದಲೂ ಒಂದು ಮೆಟ್ಟಿಲಿದೆ. ಮಾಮೂಲಿ ದಾರಿಯಲ್ಲಿ ಸಮನ್ಸ್ ಜಾರಿ ಆಗುವುದೇ ಇಲ್ಲ, ಅಥವಾ ಆತ ಬೇಕಂತಲೇ ತಪ್ಪಿಸಿಕೊಳ್ಳುತ್ತಿದ್ದಾನೆ ಅಂತ ಕೋರ್ಟಿಗೆ ಮನವರಿಕೆ ಆಗಬೇಕು. ಒಂದು ಷರಾ ಹಿಡಿದುಕೊಂಡು ಸುಮ್ನೆ ಅರ್ಜಿ ಹಾಕಬಾರದು. ಅಡಿಕೆ ಕೊನೆಕೊಯ್ಲಿನ ಹೊತ್ತಲ್ಲಿ ಅಮೀನರು (ಸಮನ್ಸ್ ಜಾರಿ ಮಾಡುವ ಕೋರ್ಟಿನ ಸಿಬ್ಬಂದಿ) ಹೋಗಿ 'ಮನೆಗೆ ಬೀಗ' ಅಂತ ಬರೆದುಕೊಂಡು ಬಂದರೆ, ಮನೆಯವರು ಊರು ಬಿಟ್ಟರು ಅಂತಲ್ಲ, ತೋಟದಲ್ಲಿದ್ದಾರೆ ಅಂತ. ಮಳೆಗಾಲದಲ್ಲಿ ನಮ್ಮ ಒಂಟಿ ಮನೆಗಳಿಗೆ ಹೋಗಿ ಬರುವುದೇ ಕಷ್ಟ. ಅದಕ್ಕೇ ನಾನು ಈಗ ಕನಿಷ್ಠ ಎರಡು ಸಲ ಸಮನ್ಸ್ ಕಳಿಸುತ್ತೇನೆ. ನೆಂಟರನ್ನು ವಿಚಾರಿಸುತ್ತೇನೆ. ಯಾರನ್ನು ಕೇಳಿದೆವು, ಏನು ಹೇಳಿದರು ಅನ್ನುವುದನ್ನೆಲ್ಲ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಬರೆಸುತ್ತೇನೆ.

ಹೀಗೆ ಪಡೆದ ಡಿಕ್ರಿ ಎಷ್ಟು ಗಟ್ಟಿ ಅನ್ನುವುದನ್ನೂ ಕಕ್ಷಿದಾರರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಪೇಪರ್ ನೋಟೀಸ್ ಕೈಗೇ ಕೊಟ್ಟ ಸಮನ್ಸಿಗೆ ಸಮ ಅಂತ ನಿಯಮ 20 ಹೇಳುತ್ತದೆ. ಆದರೆ ಏಕಪಕ್ಷೀಯ ಡಿಕ್ರಿ ರದ್ದು ಮಾಡಿಸಲು ಇರುವ 30 ದಿನದ ಲೆಕ್ಕ ಬಂದಾಗ, 1963ರ ಕಾಲಮಿತಿ ಕಾಯ್ದೆಯ 123ನೇ ವಿಧಿ ಅದನ್ನು ಸರಿಯಾದ ಜಾರಿ ಅಂತ ಎಣಿಸುವುದಿಲ್ಲ. ಡಿಕ್ರಿ ಆಗಿದೆ ಅಂತ ಆತನಿಗೆ ತಿಳಿದ ದಿನದಿಂದ 30 ದಿನ. ನಡುವಿನವರು ಮೂರು ವರ್ಷದ ಮೇಲೂ ಬರಲು ಆದದ್ದು ಇದರಿಂದಲೇ.

ಎರಡನೇ ಸುತ್ತಿನಿಂದೀಚೆಗೆ ಯಾವ ಕೇಸಿನ ನೋಟೀಸ್ ಕರಡನ್ನೂ ನಾನೇ ಕೂತು ಬರೆಯುತ್ತೇನೆ. ಕೋರ್ಟಿನ ಹೆಸರು, ದಾವೆ ನಂಬರ್, ಪ್ರತಿವಾದಿಯ ಹೆಸರು, ತಂದೆಯ ಹೆಸರು, ಊರಿನದು, ಈಗಿರುವ ಕಡೆಯದು ಎರಡೂ ವಿಳಾಸ, ಮುದ್ದತಿನ (ಕೋರ್ಟಿಗೆ ಬರಬೇಕಾದ ದಿನದ) ತಾರೀಖು, ಗಂಟೆ. ಊರಲ್ಲಿ ಎಲ್ಲರೂ ಕರೆಯುವ ಹೆಸರು ಬೇರೆ ಇದ್ದರೆ 'ಉರುಫ್' ಅಂತ ಅದನ್ನೂ ಸೇರಿಸುತ್ತೇನೆ. ನಮ್ಮ ಕಡೆ ದಾಖಲೆಯ ಹೆಸರಿಗಿಂತ ಕರೆಯುವ ಹೆಸರೇ ಜಾಸ್ತಿ ಗುರುತು. ಪತ್ರಿಕೆಯವರು ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ, ಹಾಗಂತ ವಿಳಾಸ ಮೊಟಕು ಮಾಡಬೇಡಿ. ಅಚ್ಚಾಗುವ ಮೊದಲು ಪ್ರೂಫ್ ತರಿಸಿಕೊಂಡು ಬೆರಳಿಟ್ಟು ಓದುತ್ತೇನೆ. ಒಮ್ಮೆ ಸರ್ವೆ ನಂಬರ್ 47 ಇದ್ದದ್ದು 74 ಆಗಿತ್ತು. ಇನ್ನೊಮ್ಮೆ ಮುದ್ದತಿನ ತಿಂಗಳೇ ತಪ್ಪಿತ್ತು. ಅದು ಹಾಗೇ ಅಚ್ಚಾಗಿದ್ದರೆ ಆ ಮನುಷ್ಯ ಯಾವ ದಿನ ಕೋರ್ಟಿಗೆ ಬರಬೇಕಿತ್ತು?

ಮುದ್ದತಿಗೂ ಪ್ರಕಟಣೆಗೂ ನಡುವೆ ಸಾಕಷ್ಟು ದಿನ ಇರಲಿ. ಹುಬ್ಬಳ್ಳಿಯಿಂದ ತೀರ್ಥಹಳ್ಳಿಗೆ ಬಂದು ವಕೀಲರನ್ನು ಹುಡುಕಿಕೊಳ್ಳಲು ಸಮಯ ಬೇಕು.

ಪೇಪರ್ ಬಂದ ಮೇಲೆ ನೋಟೀಸಿನ ತುಂಡು ಕತ್ತರಿಸಿ ಕೊಡಬೇಡಿ. ಪತ್ರಿಕೆಯ ಹೆಸರು, ಆವೃತ್ತಿ, ತಾರೀಖು ಕಾಣುವ ಹಾಗೆ ಇಡೀ ಪುಟವನ್ನು, ರಸೀದಿ ಜೊತೆಗೆ, ಮೆಮೊ ಹಾಕಿ ಕೋರ್ಟಿಗೆ ಕೊಡಿ. ಇನ್ನೊಂದು ಪ್ರತಿ ನಿಮ್ಮ ಫೈಲಿನಲ್ಲಿರಲಿ. ನಮ್ಮ ಮಳೆಗೆ ಕಾಗದ ಬೇಗ ಬೂಸಲು ಹಿಡಿಯುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿ ಇಡಿ.