ಏಳನೇ ಕ್ಲಾಸ್ ಓದಿದ ಅಮ್ಮನಿಗೆ ಅಮೆರಿಕದ ಸಿಟಿಜನ್‌ಶಿಪ್: ನಾನು ಮಾಡಿದ ರೀತಿ, ಕಳ್ಕೊಂಡ ದುಡ್ಡು

ಅಮ್ಮ ಸಿಟಿಜನ್ ಆಗಿ ಪ್ರಮಾಣ (ಓತ್) ತಗೊಂಡು ವರ್ಷದ ಮೇಲಾಯ್ತು, ಆದ್ರೂ ಕ್ಯಾಲಿಫೋರ್ನಿಯಾದ ಫ್ರೀಮಾಂಟಲ್ಲಿ ದೇವಸ್ಥಾನದ ಹತ್ರ ಸಿಕ್ಕೋರೆಲ್ಲ ಈಗ್ಲೂ ಕೇಳ್ತಾರೆ, "ನಿಮ್ಮಮ್ಮಂಗೆ ಅಂತೂ ಆಯ್ತಂತಲ್ಲ, ಯಾವ ಲಾಯರ್ನ ಹಿಡಿದ್ರಿ" ಅಂತ. ಯಾವ ಲಾಯರೂ ಇಲ್ಲ. ಒಂದು ನಾನ್-ಪ್ರಾಫಿಟ್, ಒಂದು ಅಡಲ್ಟ್ ಸ್ಕೂಲ್ ಕ್ಲಾಸು, ನಮ್ಮ ಅಡಿಗೆಮನೆ ಟೇಬಲ್ಲು, ಇಷ್ಟೇ. ನಮ್ಮ ಭಾವನೋರು "ಫ್ರೀಯಾಗಿ ಸಿಗೋ ವಕೀಲರ ಕೆಲಸವೂ ಫ್ರೀ ಥರಾನೇ ಇರುತ್ತೆ" ಅಂದಿದ್ರು, ನಮ್ಮನೆಯವರು "ಒಂದ್ಸಲ ಅರ್ಜಿ ಡಿನೈ ಆದ್ಮೇಲೆ ಸುಮ್ನಿರೋದು ವಾಸಿ, ಗ್ರೀನ್‌ಕಾರ್ಡ್ ರಿನ್ಯೂ ಮಾಡ್ಸ್ಕೊಂಡು ಇರ್ಲಿ" ಅಂದ್ರು. ಇಬ್ರೂ ಈಗ ಅವರ ಫ್ರೆಂಡ್ಸ್‌ನ ನನ್ನ ಹತ್ರಾನೇ ಕಳಿಸ್ತಾರೆ. ಅದಕ್ಕೇ ಒಂದ್ಸಲ ಪೂರ್ತಿ ಬರ್ದುಬಿಡೋಣ ಅಂತ ಕೂತಿದೀನಿ.

ನಮಗೆ ಸಿಟಿಜನ್‌ಶಿಪ್ ಬೇಕಾಗಿದ್ದೇ ಅಮ್ಮ ಹಾಸನದಲ್ಲಿ ಇರಕ್ಕೆ. ಗ್ರೀನ್‌ಕಾರ್ಡಲ್ಲಿ ಅಪ್ಪ-ಅಮ್ಮನ್ನ ಕರ್ಕೊಂಡು ಬಂದೋರಿಗೆಲ್ಲ ಗೊತ್ತು, ಊರಿಗೆ ಹೋಗಿ ಆರು ತಿಂಗಳು ದಾಟಿದ್ರೆ ಪ್ರಶ್ನೆ ಏಳುತ್ತೆ, ಪ್ರತಿ ಸಲ ಕ್ಯಾಲೆಂಡರಲ್ಲಿ ದಿನ ಎಣಿಸ್ಬೇಕು. ಅಮ್ಮ 2017ರಲ್ಲಿ ಬಂದ್ಲು. 2019 ಡಿಸೆಂಬರಲ್ಲಿ ಊರಿಗೆ ಹೋದೋಳು ಏಪ್ರಿಲ್‌ಗೆ ವಾಪಸ್ ಬರ್ಬೇಕಿತ್ತು, ಮಾರ್ಚ್ ಕೊನೇಲಿ ಇಂಡಿಯಾ ಇಂಟರ್ನ್ಯಾಷನಲ್ ಫ್ಲೈಟ್ ಎಲ್ಲ ನಿಲ್ಸಿಬಿಡ್ತು, ಅವಳು ಬಂದು ಸೇರಿದ್ದು ಸೆಪ್ಟೆಂಬರಲ್ಲಿ. ಹತ್ರ ಹತ್ರ ಒಂಬತ್ತು ತಿಂಗಳು. ಮುಂದಿನ ಕಷ್ಟಕ್ಕೆಲ್ಲ ಬೇರು ಈ ಒಂಬತ್ತು ತಿಂಗಳು, ಅವತ್ತು ನಮಗೆ ಅದು ಗೊತ್ತೇ ಆಗ್ಲಿಲ್ಲ.

2022ರಲ್ಲಿ ಅಮ್ಮ ಬಂದು ಐದು ವರ್ಷ ತುಂಬ್ತು, ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕೋ ಹೊತ್ತು ಬಂತು. ನಾನು ಮನೇಲಿ ಡೇಕೇರ್ ನಡೆಸ್ತೀನಿ, ಹಗಲು ಪುರುಸೊತ್ತಿಲ್ಲ, ಯಾರೋ ಹೇಳಿದ್ರು ಅಂತ ಒಬ್ಬ ಇಮಿಗ್ರೇಶನ್ ಕನ್ಸಲ್ಟೆಂಟ್ ಹತ್ರ ಹೋದೆ. ಸಿಟಿಜನ್‌ಶಿಪ್ ಅರ್ಜಿ ಎನ್-400 ತುಂಬಕ್ಕೆ 600 ಡಾಲರ್ ತಗೊಂಡ್ರು, ಗವರ್ನಮೆಂಟ್ ಫೀ ಆಗ 725 ಇತ್ತು ಅದು ಬೇರೆ. ಪಾಸ್‌ಪೋರ್ಟ್ ಸ್ಟಾಂಪ್ ನೋಡ್ದೆ ಟ್ರಿಪ್ ಡೇಟ್ ತಪ್ಪು ಹಾಕಿದ್ರು, ನಾನೂ ಓದ್ದೆ ಸೈನ್ ಮಾಡಿಸ್ದೆ. ಇಂಗ್ಲಿಷ್ ಕಷ್ಟ ಅಂದಾಗ "ಇನ್ನೊಂದು 400 ಕೊಡಿ, ಮರೆವಿನ ಕಾಯಿಲೆ ಅಂತ ಡಾಕ್ಟರ್ ಹತ್ರ ಫಾರ್ಮ್ ಬರೆಸ್ಕೊಡ್ತೀವಿ" ಅಂದ್ರು. ಅಮ್ಮಂಗೆ ಬೀದೀಲಿ ಯಾರ ಮನೆ ಮದುವೆ ಯಾವ ತಿಥಿಗೆ ಆಯ್ತು ಅಂತ ಇವತ್ತಿಗೂ ನೆನಪಿದೆ, ಅವಳಿಗೆ ಆ ಸರ್ಟಿಫಿಕೇಟು ಮಾಡ್ಸೋದಾ! ಆ ಫಾರ್ಮು, ಎನ್-648, ನಿಜವಾಗ್ಲೂ ಕಾಯಿಲೆ ಇರೋರಿಗೆ ಟೆಸ್ಟಿಂದ ವಿನಾಯಿತಿ ಕೇಳಕ್ಕೆ ಇರೋ ದಾರಿ, ಅದನ್ನ ದುಡ್ಡಿಗೆ ಮಾರೋರ ಹತ್ರ ಒಂದು ನಿಮಿಷಾನೂ ಕೂರ್ಬೇಡಿ. ಆಮೇಲೆ ತಿಳ್ಕೊಂಡೆ, ಕ್ಯಾಲಿಫೋರ್ನಿಯಾದಲ್ಲಿ ಕನ್ಸಲ್ಟೆಂಟ್ ಆಗ್ಬೇಕಂದ್ರೆ ಸ್ಟೇಟಿಗೆ 1 ಲಕ್ಷ ಡಾಲರ್ ಬಾಂಡ್ ಕೊಟ್ಟಿರ್ಬೇಕು, ಅವರು ನಾವು ಹೇಳಿದ್ದನ್ನ ಫಾರ್ಮಲ್ಲಿ ತುಂಬಬಹುದು ಅಷ್ಟೇ, ಕಾನೂನು ಸಲಹೆ ಕೊಡೋ ಹಾಗೇ ಇಲ್ಲ.

ಮೊದಲ ಇಂಟರ್‌ವ್ಯೂ ಆ ವರ್ಷ ನವೆಂಬರಲ್ಲಿ. ಅಮೆರಿಕದ ಇತಿಹಾಸ, ಸರ್ಕಾರದ ಬಗ್ಗೆ ಕೇಳೋ ಸಿವಿಕ್ಸ್ ನೂರು ಪ್ರಶ್ನೆ ಬಾಯಿಪಾಠ ಮಾಡ್ಸಿದ್ದೆ, ಅದ್ರಲ್ಲಿ ಪಾಸಾದ್ಲು. ಬಿದ್ದಿದ್ದು ಫಾರ್ಮ್ ಮೇಲಿನ ಪ್ರಶ್ನೆಗಳಲ್ಲಿ. "ಹ್ಯಾವ್ ಯು ಎವರ್" (ಯಾವತ್ತಾದ್ರೂ ಇಂಥ ತಪ್ಪು ಮಾಡಿದೀರಾ) ಅಂತ ಶುರುವಾಗೋ ಸಾಲುಗಳಿಗೆಲ್ಲ ಅಮ್ಮ "ಎಸ್ ಸರ್" ಅಂದಿದಾಳೆ. ದೊಡ್ಡೋರು ಕೇಳ್ತಿದಾರೆ, ಇಲ್ಲ ಅನ್ನಬಾರದು ಅನ್ನೋ ಮರ್ಯಾದೆ ಅದು. ಆಫೀಸರ್ ಒಳ್ಳೆಯವರು, ಪ್ರಶ್ನೆ ಅರ್ಥ ಆಗಿಲ್ಲ ಅಂತ ಬರ್ಕೊಂಡು ಇಂಗ್ಲಿಷಲ್ಲಿ ಫೇಲ್ ಅಂತ ಹಾಕಿ ಎರಡು ತಿಂಗಳು ಬಿಟ್ಟು ಮತ್ತೆ ಕರೆದ್ರು. ಎರಡನೇ ಸಲ ಟ್ರಿಪ್ ಡೇಟ್ ಬಗ್ಗೆ ಕೇಳಿದಾಗ ಅಮ್ಮ ಹೆದರಿ ಬಾಯೇ ಬಿಡ್ಲಿಲ್ಲ. ಡಿನೈ. ಕಾರಲ್ಲಿ ಬರ್ತಾ ಅವಳು ಒಂದೇ ಒಂದು ಮಾತು ಕೇಳಿದ್ಲು, "ನಿನ್ನ ದುಡ್ಡೆಲ್ಲ ಹೋಯ್ತಲ್ಲಮ್ಮ, ವಾಪಸ್ ಕೊಡ್ತಾರಾ" ಅಂತ. ಕೊಡಲ್ಲ.

ಇನ್ನು ದೊಡ್ಡ ಲಾಯರೇ ಬೇಕು ಅಂತ ಒಬ್ರಿಗೆ ಅರ್ಧ ಗಂಟೆಗೆ 250 ಕೊಟ್ಟೆ, ಅವರು ಕೇಸಿಗೆ 2,800ರಷ್ಟು ಹೇಳಿದ್ರು, ಫೀ ಬಿಟ್ಟು. ಅಷ್ಟು ನನ್ನ ಹತ್ರ ಇರ್ಲಿಲ್ಲ. ಆದ್ರೆ ಅವರ ಬಾಯಿಂದ ಒಂದು ವಿಷ್ಯ ಬಂತು, ಅದಕ್ಕೆ 250 ದಂಡ ಆಗ್ಲಿಲ್ಲ ಅಂತ್ಲೇ ಅಂದ್ಕೋತೀನಿ: ತೊಂದರೆ ಇಂಗ್ಲಿಷ್ ಒಂದೇ ಅಲ್ಲ, ಆರು ತಿಂಗಳು ಮೀರಿದ ಟ್ರಿಪ್‌ಗೆ ಪುರಾವೆ ಸಮೇತ ಕಾರಣ ಕೊಡ್ಬೇಕು, ಇಲ್ಲಾಂದ್ರೆ ಇಂಗ್ಲಿಷ್ ಪಾಸಾದ್ರೂ ಸಿಕ್ಕಾಕ್ಕೋತೀರಿ ಅಂತ.

ಆಮೇಲೆ ಹುಡುಕ್ತಾ ಹೋದಾಗ ಜಸ್ಟಿಸ್ ಡಿಪಾರ್ಟ್‌ಮೆಂಟ್ ಪಟ್ಟಿ ಸಿಕ್ತು. ಲಾಯರ್ ಅಲ್ದೇ ಇದ್ರೂ ಇಮಿಗ್ರೇಶನ್ ಕೇಸ್ ನಡೆಸಕ್ಕೆ ಸರ್ಕಾರವೇ ಒಪ್ಪಿಗೆ ಕೊಟ್ಟಿರೋ ಅಕ್ರೆಡಿಟೆಡ್ ರೆಪ್ರೆಸೆಂಟೇಟಿವ್‌ಗಳು, ಅವರು ಕೆಲಸ ಮಾಡೋ ಸಂಸ್ಥೆಗಳು, ಸ್ಟೇಟ್ ಪ್ರಕಾರ ಪಟ್ಟಿ ಇದೆ. ನಮ್ಮಲ್ಲಿ ಹೆಚ್ಚಿನೋರಿಗೆ ಇದು ಗೊತ್ತೇ ಇಲ್ಲ. ಪಾರ್ಷಿಯಲ್ ಅಕ್ರೆಡಿಟೇಶನ್ ಇದ್ರೂ ಸಿಟಿಜನ್‌ಶಿಪ್‌ಗೆ ಸಾಕು, ಫುಲ್ ಬೇಕಾಗೋದು ಇಮಿಗ್ರೇಶನ್ ಕೋರ್ಟ್‌ಗೆ. ಬೇ ಏರಿಯಾದಲ್ಲಿ ಕ್ಯಾಥೊಲಿಕ್ ಚಾರಿಟೀಸ್, ಸ್ಯಾನ್‌ಹೋಸೆಯ ಏಷಿಯನ್ ಲಾ ಅಲಯನ್ಸ್ ಥರದೋರು ಇದಾರೆ, ನ್ಯೂಯಾರ್ಕಲ್ಲಿರೋರಿಗೆ ಅಲ್ಲಿನ ಸಿಟಿ ಯೂನಿವರ್ಸಿಟಿಯ (ಕ್ಯೂನಿ) ಸಿಟಿಜನ್‌ಶಿಪ್ ನೌ ಇದೆ, ಅಲ್ಲಿ ಫ್ರೀ. ನಾನು ಪಟ್ಟೀಲಿ ಐದಾರು ಕಡೆ ಫೋನ್ ಮಾಡ್ದೆ. ಎರಡು ಕಡೆ ವಾಯ್ಸ್‌ಮೇಲ್, ಒಂದು ಕಡೆ ನಾಲ್ಕು ತಿಂಗಳು ವೇಟಿಂಗ್, ಇನ್ನೊಂದು ಕಡೆ ಬೇರೆ ಕೌಂಟಿ ಅಂತ ತಗೊಳ್ಳಲಿಲ್ಲ. ಕೊನೆಗೆ ಒಂದು ಕಡೆ ಅಪಾಯಿಂಟ್‌ಮೆಂಟ್ ಸಿಕ್ತು, ಯಾವ ವಾರ ಯಾವ ಹೊತ್ತಿಗೆ ಫೋನ್ ಮಾಡಿದ್ರೆ ಎತ್ತುತಾರೆ ಅನ್ನೋದು ನಂಗೆ ಈಗ ಚೆನ್ನಾಗಿ ಗೊತ್ತು, ಅದನ್ನ ಮಾತ್ರ ಇಲ್ಲಿ ಬರೆಯಲ್ಲ, ಯಾಕಂದ್ರೆ ಈಗ ನಮ್ಮ ಮಾವನವರ ಕೇಸು ಅಲ್ಲೇ ನಡೀತಿದೆ, ನಂಗೂ ಲೈನ್ ಸಿಗ್ಬೇಕು.

ಅಲ್ಲಿದ್ದ ಮೇಡಂ ಮೊದಲ ದಿನ ಫಾರ್ಮೇ ಮುಟ್ಲಿಲ್ಲ. "ಹಳೇ ಫೈಲ್ ತರ್ಸೋಣ" ಅಂತ, ಸರ್ಕಾರದ ಹತ್ರ ಇರೋ ನಮ್ಮ ಫೈಲಿನ ಕಾಪಿ ಕೇಳೋ ಅರ್ಜಿ (ಫೋಯಾ) ಹಾಕಿಸಿದ್ರು, ದುಡ್ಡೇನೂ ಬೀಳ್ಲಿಲ್ಲ, ಎರಡು ತಿಂಗಳಿಗೇನೋ ಬಂತು. ಅದ್ರಲ್ಲಿ ಹಳೇ ಅಪ್ಲಿಕೇಶನ್ ಮೇಲೆ ಆಫೀಸರ್ ಕೆಂಪು ಇಂಕಲ್ಲಿ ಬರ್ದಿದ್ದೆಲ್ಲ ಇತ್ತು, ಎಲ್ಲೆಲ್ಲಿ ಅಮ್ಮ ತಡವರಿಸಿದ್ಲು, ಯಾವ ಡೇಟ್ ತಿದ್ದಿದ್ರು, ಎಲ್ಲ. ಡಿನೈ ಆದೋರು ಯಾರೇ ಇದ್ರೂ ಮತ್ತೆ ಫೈಲ್ ಮಾಡೋ ಮುಂಚೆ ಇದನ್ನ ತರ್ಸ್ಕೊಳ್ಳಿ. ಆಮೇಲೆ ಅವರು ಎರಡು ದಾರಿ ಹೇಳಿದ್ರು: ಕಾದ್ರೆ ಆ ಟ್ರಿಪ್ ಐದು ವರ್ಷದ ಲೆಕ್ಕದಿಂದ ತಾನಾಗೇ ಆಚೆ ಹೋಗುತ್ತೆ, ಇಲ್ಲಾ ಪುರಾವೆ ಗಟ್ಟಿ ಮಾಡ್ಕೊಂಡು ಈಗ್ಲೇ ಹಾಕ್ಬಹುದು. ಅಮ್ಮ "ಹಾಕು" ಅಂದ್ಲು. ಕ್ಯಾನ್ಸಲ್ ಆದ ಏಪ್ರಿಲ್ ಟಿಕೆಟ್ಟು, ಏರ್‌ಲೈನ್ ಈಮೇಲು, ನನ್ನ ಟ್ಯಾಕ್ಸ್ ರಿಟರ್ನಲ್ಲಿ ಅವಳು ಡಿಪೆಂಡೆಂಟ್ ಅಂತ ಇರೋದು, ಜಾಯಿಂಟ್ ಅಕೌಂಟು, ಇಲ್ಲಿನ ಡಾಕ್ಟರ್ ಹತ್ರ ಮೇ ತಿಂಗಳಿಗೆ ತಗೊಂಡಿದ್ದ ಅಪಾಯಿಂಟ್‌ಮೆಂಟು, ಹೀಗೆ ನಲವತ್ತು ಪೇಜಿನಷ್ಟು ಜೋಡಿಸಿದ್ವಿ. ಅದ್ರಲ್ಲಿ ಡಾಕ್ಟರ್ ಅಪಾಯಿಂಟ್‌ಮೆಂಟೇ ಗಟ್ಟಿ ಪುರಾವೆ ಅಂದ್ರು ಮೇಡಂ, ವಾಪಸ್ ಬರೋ ಮನಸ್ಸಿರೋರು ತಾನೇ ಅಂಥದ್ದು ತಗೊಳ್ಳೋದು. ಇಷ್ಟೆಲ್ಲಕ್ಕೂ ಅವರು ತಗೊಂಡಿದ್ದು 350ರ ಆಸುಪಾಸು.

ಕ್ಲಾಸಿನ ಕಥೆ ಬೇರೆ. ಅದಕ್ಕೂ ಮೂರು ಬಾಗಿಲು ತಟ್ಟಿದೀನಿ. ಮೊದಲನೇದು ಸಂಜೆ ಕ್ಲಾಸು, ಫ್ರೀ, ಆದ್ರೆ ಎಲ್ಲರೂ ಸ್ಪ್ಯಾನಿಷ್, ಟೀಚರ್ ಅರ್ಧ ಪಾಠ ಸ್ಪ್ಯಾನಿಷಲ್ಲೇ ಬಿಡಿಸಿ ಹೇಳೋರು, ಅಮ್ಮಂಗೆ ಎರಡು ಭಾಷೆ ಮಧ್ಯೆ ಸಿಕ್ಕ ಹಾಗಾಯ್ತು. ಎರಡನೇದು ಲೈಬ್ರರೀಲಿ, ವಾಲಂಟಿಯರ್ ತುಂಬ ಒಳ್ಳೆಯವರು, ಆದ್ರೆ ಅದು ಬರೀ ನೂರು ಪ್ರಶ್ನೆ ಓದ್ಸೋ ಕ್ಲಾಸು, ಅದು ಅವಳಿಗೆ ಬರ್ತಿತ್ತು. ಮೂರನೇದು ಸ್ಕೂಲ್ ಡಿಸ್ಟ್ರಿಕ್ಟಿನ ಅಡಲ್ಟ್ ಸ್ಕೂಲು, ಬೆಳಿಗ್ಗೆ ಹೊತ್ತು, ವಾರಕ್ಕೆ ಎರಡು ದಿನ, ವರ್ಷಕ್ಕೆ ಕೈಯಿಂದ 40 ಡಾಲರ್ ಹೋಗಿರ್ಬಹುದು. ಅಲ್ಲಿ ಆಫ್ಘನ್ ಅಜ್ಜಂದಿರು, ಪಂಜಾಬಿ ಹೆಂಗಸರು, ಚೀನಾದೋರು, ಯಾರಿಗೂ ಒಬ್ರ ಭಾಷೆ ಇನ್ನೊಬ್ರಿಗೆ ಬರಲ್ಲ, ಅದಕ್ಕೇ ಎಲ್ಲರೂ ಇಂಗ್ಲಿಷಲ್ಲೇ ಮಾತಾಡ್ಬೇಕು! ಅಮ್ಮಂಗೆ ಅಲ್ಲೊಬ್ಬ ಪಂಜಾಬಿ ಗೆಳತಿ ಸಿಕ್ಕಿದ್ರು, ಇಬ್ರೂ ಬಸ್‌ಸ್ಟಾಪಲ್ಲಿ ಕೂತು ಒಬ್ರಿಗೊಬ್ರು ಆಫೀಸರ್ ಆಗಿ ಪ್ರಶ್ನೆ ಕೇಳ್ಕೊಳ್ಳೋರು. ಕ್ಲಾಸ್ ಆರಿಸುವಾಗ ನಾನು ಈಗ ಒಂದೇ ಕೇಳೋದು, ವಾರಕ್ಕೆ ಒಂದ್ಸಲನಾದ್ರೂ ಫಾರ್ಮ್ ಮೇಲೆ ಮಾಕ್ ಇಂಟರ್‌ವ್ಯೂ ಮಾಡ್ತೀರಾ ಅಂತ. ಇಲ್ಲ ಅಂದ್ರೆ ಮುಂದಿನ ಸ್ಕೂಲು.

ಅಲ್ಲಿಗೆ ಸೇರಿಸಿದ್ದು 2023 ಆಗಸ್ಟಲ್ಲಿ. ಅಕ್ಟೋಬರಲ್ಲಿ ಅಮೆರಿಕದ ಪಾರ್ಲಿಮೆಂಟಿನ ಕೆಳಮನೆ (ಹೌಸ್) ಸ್ಪೀಕರ್ ಹೆಸರೇನು ಅನ್ನೋ ಪ್ರಶ್ನೆ ಕಲಿತಾ ಇದ್ರು, ಅದೇ ತಿಂಗಳು 3ನೇ ತಾರೀಕು ಆಗಿನ ಸ್ಪೀಕರ್ ಮೆಕಾರ್ಥಿನ ಇಳಿಸಿದ್ರು, 25ಕ್ಕೆ ಮೈಕ್ ಜಾನ್ಸನ್ ಬರೋ ತನಕ ಹೌಸಿಗೆ ಆರಿಸಿದ ಸ್ಪೀಕರೇ ಇರ್ಲಿಲ್ಲ. ಅಮ್ಮ ಮೂರು ವಾರ ದಿನಾ ಬೆಳಿಗ್ಗೆ "ಆಯ್ತಾ, ಆರಿಸಿದ್ರಾ" ಅಂತ ಕೇಳೋಳು. ಆವಾಗ್ಲೇ ನಂಗೆ ಗೊತ್ತಾಗಿದ್ದು ಇವಳು ಬಾಯಿಪಾಠ ಬಿಟ್ಟು ನಿಜವಾಗ್ಲೂ ಕಲೀತಿದಾಳೆ ಅಂತ.

ಮನೇಲಿ ನಾನೂ ಏನೇನೋ ಮಾಡಿ ನೋಡಿದೀನಿ. ಇಂಗ್ಲಿಷ್ ಸಾಲುಗಳನ್ನ ಕನ್ನಡ ಅಕ್ಷರದಲ್ಲಿ ಬರ್ದು ಫ್ರಿಜ್ ಮೇಲೆ ಅಂಟಿಸಿದ್ದೆ, ಅದು ದೊಡ್ಡ ತಪ್ಪು, ಅವಳು ಕನ್ನಡ ನೋಡ್ಕೊಂಡು ಚೆನ್ನಾಗಿ ಓದೋಳು, ಇಂಗ್ಲಿಷ್ ಅಕ್ಷರ ಕಂಡ್ರೆ ನಿಲ್ಲೋಳು. ಎರಡು ತಿಂಗಳು ಹಾಳಾಯ್ತು, ಎಲ್ಲ ಕಿತ್ತು ಹಾಕ್ದೆ. ಪ್ರಶ್ನೆ-ಉತ್ತರನ ಸೋಬಾನೆ ಧಾಟೀಲಿ ಹಾಡಿ ರೆಕಾರ್ಡ್ ಮಾಡಿದ್ವಿ, ಹಾಡು ಸೊಗಸಾಗೇ ಬಂತು, ಆದ್ರೆ ಮಧ್ಯದ್ದು ಕೇಳಿದ್ರೆ ಮೊದಲಿಂದ ಹಾಡ್ಕೊಂಡು ಬರ್ಬೇಕಿತ್ತು, ಆಫೀಸರ್ ಅಷ್ಟು ಹೊತ್ತು ಕಾಯ್ತಾರಾ. ಕೈ ಹಿಡಿದಿದ್ದು ಚೀಟಿ. ಹಾರ್ಲಿಕ್ಸ್ ಡಬ್ಬೀಲಿ ನೂರು ಚೀಟಿ ಹಾಕಿ, ಡೇಕೇರ್ ಮಕ್ಕಳು ದಿನಾ ಹತ್ತು ಎತ್ತಿ ಕೊಡೋವು, ಅಜ್ಜಿ ಉತ್ತರ ಹೇಳ್ಬೇಕು. ಬರೆಯಕ್ಕೆ ಸ್ಲೇಟು ಬಳಪ, ಈ ಅರ್ಜಿಗಳನ್ನ ನೋಡೋ ಸರ್ಕಾರಿ ಇಲಾಖೆ ಯುಎಸ್‌ಸಿಐಎಸ್‌ನೋರೇ ಓದೋ ಪದ, ಬರೆಯೋ ಪದ ಅಂತ ಪಟ್ಟಿ ಕೊಟ್ಟಿದಾರಲ್ಲ, ಅದ್ರಾಚೆ ಒಂದು ಪದಾನೂ ಕಲಿಸ್ಲಿಲ್ಲ. "ಇಲ್ಲ" ಅನ್ನೋದು ಕಲಿಸಕ್ಕೇ ಮೂರು ತಿಂಗಳು ಹಿಡೀತು. ಕಾಫಿ ಬೇಕಾ ಅಂದ್ರೂ ಇಂಗ್ಲಿಷಲ್ಲಿ ಕೇಳಿ, "ನೋ" ಅಂದ್ಮೇಲೇ ಕಾಫಿ ಕೊಡ್ತಿದ್ದೆ. ಅರ್ಥ ಆಗ್ದಿದ್ರೆ "ಪ್ಲೀಸ್ ರಿಪೀಟ್" ಅನ್ನು, ಸುಮ್ನೆ ತಲೆ ಆಡಿಸ್ಬೇಡ, ಇದೊಂದೇ ಮಂತ್ರ.

ಇನ್ನೊಂದು ಮಾತು, 65 ದಾಟಿದ್ರೆ ಟೆಸ್ಟ್ ಕನ್ನಡದಲ್ಲೇ ಕೊಡ್ಬಹುದು ಅಂತ ತುಂಬ ಜನ ಹೇಳ್ತಾರೆ. ಬರೀ ವಯಸ್ಸಲ್ಲ, ಗ್ರೀನ್‌ಕಾರ್ಡ್ ಆಗಿ 20 ವರ್ಷ ಆಗಿರ್ಬೇಕು. 50 ದಾಟಿದೋರಿಗೂ 20 ವರ್ಷ, 55 ದಾಟಿದ್ರೆ 15 ವರ್ಷ. ಅಮ್ಮ ಅದಕ್ಕೆ ಕಾದಿದ್ರೆ 2032. ಫೀ ವೇವರ್ (ಫೀ ಮಾಫಿ) ಬಗ್ಗೆನೂ ಕೇಳ್ತಾರೆ, ನಮಗೆ ಆಗ್ಲಿಲ್ಲ, ಆದ್ರೆ ಆ ಪಂಜಾಬಿ ಗೆಳತಿಗೆ ಮೆಡಿ-ಕ್ಯಾಲ್ (ಕಡಿಮೆ ಆದಾಯದೋರಿಗೆ ಸ್ಟೇಟ್ ಕೊಡೋ ಆರೋಗ್ಯ ವಿಮೆ) ಇತ್ತು, ಆ ಲೆಟರ್ ಇಟ್ಟು ಪೇಪರಲ್ಲಿ ಅಪ್ಲಿಕೇಶನ್ ಹಾಕಿ ಒಂದು ಡಾಲರೂ ಕೊಡ್ದೆ ಮುಗಿಸಿದ್ರು.

ನಾವು 2024 ಮೇನಲ್ಲಿ ಆನ್‌ಲೈನಲ್ಲಿ ಹಾಕಿದ್ವಿ, 710 ಡಾಲರ್. ಇಂಟರ್‌ವ್ಯೂಗೆ ಮೇಡಂ ಜೊತೇಲಿ ಬಂದ್ರು. ಟ್ರಿಪ್ ಬಗ್ಗೆ ಆಫೀಸರ್ ಕೇಳಿದಾಗ ಅಮ್ಮನೇ "ಕೋವಿಡ್, ನೋ ಫ್ಲೈಟ್, ಮೈ ಟಿಕೆಟ್ ಕ್ಯಾನ್ಸಲ್" ಅಂದ್ಲಂತೆ, ಮೇಡಂ ಫೈಲ್ ಮುಂದಿಟ್ರು, ಆಫೀಸರ್ ಐದು ನಿಮಿಷ ತಿರುವಿ ಮುಚ್ಚಿದ್ರು. ಸಿವಿಕ್ಸಲ್ಲಿ ಏಳು ಕೇಳಿ ಆರು ಸರಿಯಾಯ್ತು ಅಂತ ನಿಲ್ಸಿದ್ರು. ಆಚೆ ಬಂದು ಅಮ್ಮ ಹೇಳಿದ ಮೊದಲ ಮಾತು, "ಒಂಬತ್ತು ಸಲ ನೋ ಅಂದೆ" ಅಂತ. ನಾನು ಅಲ್ಲೇ ಪಾರ್ಕಿಂಗಲ್ಲಿ ಅತ್ತುಬಿಟ್ಟೆ. ಎರಡನೇ ಸುತ್ತಿಗೆ ಒಟ್ಟು 1,100 ಚಿಲ್ಲರೆ, ಮೊದಲನೇ ಸುತ್ತಲ್ಲಿ ಆ ಲಾಯರ್‌ಗೆ ಕೊಟ್ಟ 250 ಸೇರಿ ಹೋಗಿದ್ದು 1,500ರ ಮೇಲೆ.

ಇಂಡಿಯನ್ ಪಾಸ್‌ಪೋರ್ಟ್ ಸರೆಂಡರ್ ಮಾಡೋ ದಿನ ಮಾತ್ರ ಕಷ್ಟ ಆಯ್ತು. ನಮ್ಮಲ್ಲಿ ಎರಡು ದೇಶದ ಸಿಟಿಜನ್‌ಶಿಪ್ ಇಲ್ವಲ್ಲ, ಇನ್ನು ಊರಲ್ಲಿ ಓಟು ಹಾಕಂಗಿಲ್ಲ ಅಂದಾಗ ಅಮ್ಮ ಆ ಪಾಸ್‌ಪೋರ್ಟ್‌ನ ಸೆರಗಲ್ಲಿ ಒರೆಸಿ ಕೊಟ್ಲು. ಬೇರೆ ದೇಶದ ಸಿಟಿಜನ್ ಆದ ನಮ್ಮೋರು ವೀಸಾ ಇಲ್ದೆ ಊರಿಗೆ ಬಂದು ಇರಕ್ಕೆ ಕೊಡೋ ಓಸಿಐ ಕಾರ್ಡ್ ಬರೋ ತನಕ ದಿನಾ ಮೇಲ್‌ಬಾಕ್ಸ್ ನೋಡೋಳು. ಇರೋ ಜಮೀನು ಇರುತ್ತೆ, ಹೊಸದಾಗಿ ಹೊಲ ಗದ್ದೆ ಕೊಳ್ಳಂಗಿಲ್ಲ ಅಷ್ಟೇ, ಅದನ್ನ ಮೊದಲೇ ಮನೆಯವರಿಗೆಲ್ಲ ತಿಳಿಸಿಬಿಡಿ.

ಮಾವನವರಿಗೆ ಈಗ ಹೊಸ ಟೆಸ್ಟು, 2025 ಅಕ್ಟೋಬರ್ 20ರಿಂದ ಫೈಲ್ ಮಾಡಿದೋರಿಗೆ 128 ಪ್ರಶ್ನೆ, ಅದ್ರಲ್ಲಿ 20 ಕೇಳ್ತಾರೆ, 12 ಸರಿ ಆಗ್ಬೇಕು. ಹಾರ್ಲಿಕ್ಸ್ ಡಬ್ಬಿ ಸಾಲ್ದೆ ಅಕ್ಕಿ ಡಬ್ಬಿ ತೆಗ್ದಿದೀನಿ. ಅಮ್ಮ ಹೋದ ಸೆಪ್ಟೆಂಬರಲ್ಲಿ ಹಾಸನಕ್ಕೆ ಹೋದೋಳು ಹಾಸನಾಂಬೆ ಬಾಗಿಲು ತೆಗೆದಾಗ ದರ್ಶನ ಮಾಡಿ, ಸಂಕ್ರಾಂತಿ ಮುಗಿಸಿ, ಯುಗಾದೀನೂ ಮುಗಿಸಿ ಇನ್ನೂ ಅಲ್ಲೇ ಇದಾಳೆ. ಏಳು ತಿಂಗಳು ದಾಟಿದೆ. ಮೊನ್ನೆ ಫೋನಲ್ಲಿ ಯಾವಾಗ ಬರ್ತೀಯ ಅಂದ್ರೆ "ಮಾವಿನಕಾಯಿ ಉಪ್ಪಿನಕಾಯಿ ಹಾಕ್ಬಿಟ್ಟು ಬರ್ತೀನಿ" ಅಂದ್ಲು, ನಾನೂ ಸರಿ ಅಂದೆ.