ಸ್ವಾಟ್ 4: ಎಲೀಟ್‌ನಲ್ಲಿ 95 ದಾಟಿಸಿದ ಕ್ರಮ

ಪೊಲೀಸ್ ವಿಶೇಷ ದಳವನ್ನು ಮುನ್ನಡೆಸುವ 2005ರ ಈ ಕಂಪ್ಯೂಟರ್ ಗೇಮ್‌ನ ಅತಿ ಕಠಿಣ ಮಟ್ಟವಾದ ಎಲೀಟ್‌ನಲ್ಲಿ ಪಾಸಾಗಲು 100ಕ್ಕೆ 95 ಅಂಕ ಬೇಕು. ಮಿಷನ್ ಪೂರ್ತಿ ಮುಗಿದರೂ ನನ್ನ ಅಂಕ ಎಂಬತ್ತರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ದೊಡ್ಡ ಗನ್, ಭಾರದ ಕವಚ, ನಿಧಾನ ನಡಿಗೆ, ಯಾವುದೂ ಕೆಲಸಕ್ಕೆ ಬರಲಿಲ್ಲ. ಅಂಕ ಸೋರುತ್ತಿದ್ದುದು ಗುಂಡಿನಿಂದ: ಶಂಕಿತ ಗನ್ ಗುರಿಯಿಡುವ ಮೊದಲೇ ಹೊಡೆದರೆ ಅದು ಅನಧಿಕೃತ ಬಲಪ್ರಯೋಗ, ದಂಡ ಖಚಿತ. ನ್ಯಾಯವಾಗಿ ಕೊಂದರೂ ಬಂಧನದಷ್ಟು ಅಂಕ ಸಿಗದು.

ಕೊನೆಗೆ ಫಲ ಕೊಟ್ಟದ್ದು ಬಾಗಿಲಿನ ಕೆಲಸ. ನಿಮ್ಮ ಕೈಗೆ ಬೀನ್‌ಬ್ಯಾಗ್ ಶಾಟ್‌ಗನ್ (ಕೊಲ್ಲದೆ ಮಣಿಸುವ ಪುಟ್ಟ ಚೀಲ ಹಾರಿಸುವ ಗನ್), ತಂಡಕ್ಕೆ ಫ್ಲ್ಯಾಶ್‌ಬ್ಯಾಂಗ್ (ಬೆಳಕು, ಸದ್ದಿನಿಂದ ಕಂಗೆಡಿಸುವ ಗ್ರೆನೇಡ್). ಕೋಣೆಗೆ ಎರಡು ಬಾಗಿಲಿದ್ದರೆ ಮೊದಲು ಒಂದಕ್ಕೆ ಬೆಣೆ ಹಾಕಿ. ಇಲ್ಲದಿದ್ದರೆ ಒಳಗಿದ್ದವನು ಅಲ್ಲಿಂದ ಜಾರಿ ನಿಮ್ಮ ಬೆನ್ನಿಗೇ ಬರುತ್ತಾನೆ. ಇನ್ನೊಂದರ ಅಡಿಯಿಂದ ಆಪ್ಟಿವಾಂಡ್ (ತುದಿಯಲ್ಲಿ ಕ್ಯಾಮೆರಾ ಇರುವ ಕಡ್ಡಿ) ತೂರಿಸಿ ಯಾರು ಎಲ್ಲಿದ್ದಾರೆ, ಯಾರ ಕೈಯಲ್ಲಿ ಗನ್ ಇದೆ ನೋಡಿ. ಆಮೇಲೆ ನಿಮ್ಮ ತಂಡದ ಇಬ್ಬರಿರುವ ರೆಡ್ ಟೀಮ್‌ಗೆ ಬಾಗಿಲು ತೆರೆದು ಫ್ಲ್ಯಾಶ್ ಎಸೆದು ನುಗ್ಗುವ ಆದೇಶ ಕೊಡಿ, ಉಳಿದಿಬ್ಬರ ಬ್ಲೂ ಟೀಮ್ ಹಜಾರ ಕಾಯಲಿ. ಸಿಡಿದ ತಕ್ಷಣ ನೀವೂ ನುಗ್ಗಿ, ಶರಣಾಗುವವರೆಗೂ ಕೂಗುತ್ತಲೇ ಇರಿ. ಒಂದೇ ಕೂಗಿಗೆ ಮಣಿಯುವವರು ಕಡಿಮೆ. ಮಣಿಯದವನಿಗೆ ಬೀನ್‌ಬ್ಯಾಗ್ ಎದೆಗೆ ಬೀಳಲಿ, ತಲೆಗೆ ಬೇಡ.

ನಂತರ ಕೋಳ, ನಾಗರಿಕರಿಗೂ. ಪ್ರತಿಯೊಬ್ಬರನ್ನೂ ಅಲ್ಲೇ ರೇಡಿಯೋದಲ್ಲಿ ವರದಿ ಮಾಡಿ, ಬಿದ್ದ ಗನ್ ಎತ್ತಿಕೊಂಡ ಮೇಲೆಯೇ ಮುಂದಿನ ಬಾಗಿಲಿಗೆ ಹೋಗಿ.